ದುಡ್ಡು ಕೊಟ್ಟವರು, ಮತ ಉಳ್ಳವರು

2012ರ ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಬುಲ್ಸ್ ಎಂಬ ರಗ್ಬಿ ಲೀಗ್ ಕ್ಲಬ್ಬು ತನ್ನ ಅಭಿಮಾನಿಗಳ ಮುಂದೆ ಕೈಚಾಚಿತು. ಬಾಗಿಲು ಮುಚ್ಚದಿರಬೇಕಾದರೆ 10 ಲಕ್ಷ ಪೌಂಡ್ ಬೇಕು, ಅದರಲ್ಲಿ ಅರ್ಧದಷ್ಟು ಕೂಡಲೇ ಬೇಕು ಎಂದಿತು. ಅದು ಹೆಸರಿಲ್ಲದ ತಂಡವೇನೂ ಆಗಿರಲಿಲ್ಲ. 1997ರಿಂದ 2005ರ ನಡುವೆ ನಾಲ್ಕು ಸಲ ಆಟದ ಮೊದಲ ದರ್ಜೆಯಾದ ಸೂಪರ್ ಲೀಗ್ ಗೆದ್ದಿತ್ತು. ಆಸ್ಟ್ರೇಲಿಯಾದ ಚಾಂಪಿಯನ್ ತಂಡಗಳನ್ನು ಮೂರು ಬಾರಿ ಮಣಿಸಿ ವಿಶ್ವ ಕ್ಲಬ್ ಪಟ್ಟವನ್ನೂ ಪಡೆದಿತ್ತು. ಊರಿನವರು ಕೇಳಿದ್ದನ್ನು ಕೊಟ್ಟರು. ಏಪ್ರಿಲ್‌ನ ಗಡುವಿನ ಹೊತ್ತಿಗೆ 5 ಲಕ್ಷ ಪೌಂಡ್ ಕೂಡಿಬಂತು. ಆದರೂ ಜೂನ್ ಮುಗಿಯುವ ಮೊದಲೇ ಕ್ಲಬ್ಬು 'ಅಡ್ಮಿನಿಸ್ಟ್ರೇಷನ್'ಗೆ ಜಾರಿತು. ಅಂದರೆ ಸಾಲ ತೀರಿಸಲಾಗದ ಕಂಪನಿಯನ್ನು ನಿರ್ದೇಶಕರ ಕೈಯಿಂದ ಬಿಡಿಸಿ, ಹೊರಗಿನ ಲೆಕ್ಕ ಪರಿಣತರಿಗೆ ಒಪ್ಪಿಸುವ ಕಾನೂನಿನ ಏರ್ಪಾಡಿಗೆ ಒಳಪಟ್ಟಿತು. ಹೊಸ ಮಾಲೀಕರು ಬಂದರು. 2014ರಲ್ಲಿ ಮತ್ತೆ ಅದೇ ಗತಿ. 2017ರ ಜನವರಿಯಲ್ಲಿ ಕಂಪನಿಯನ್ನೇ ಮುಚ್ಚಲಾಯಿತು. ಅದೇ ಹೆಸರಿನ ಹೊಸ ಸಂಸ್ಥೆಯೊಂದು ಎರಡನೇ ದರ್ಜೆಯಲ್ಲಿ, 12 ಅಂಕಗಳ ದಂಡ ಹೊತ್ತು ಋತುವನ್ನು ಶುರುಮಾಡಿತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ದಿವಾಳಿಯಲ್ಲ, ಆ 5 ಲಕ್ಷ ಪೌಂಡ್. ಅದನ್ನು ಕೊಟ್ಟವರು ದಾನಿಗಳಾದರು, ಮಾಲೀಕರಾಗಲಿಲ್ಲ. ದೇಣಿಗೆಯ ರಸೀದಿಗೆ ಮತವಿಲ್ಲ. ಆ ಹಣ ಯಾವ ಸಾಲಕ್ಕೆ ಹೋಯಿತು, ಮುಂದಿನ ವರ್ಷ ಆಟಗಾರರಿಗೆ ಎಷ್ಟು ಸಂಬಳ ಒಪ್ಪಿಕೊಳ್ಳಬೇಕು, ಕ್ಲಬ್ಬನ್ನು ಯಾರಿಗೆ ಮಾರಬೇಕು ಎಂಬ ಯಾವ ತೀರ್ಮಾನದಲ್ಲೂ ಅವರಿಗೆ ಪಾಲಿರಲಿಲ್ಲ. 'ಹಾಗಾದರೆ ಅಭಿಮಾನಿಗಳೇ ಕ್ಲಬ್ಬನ್ನು ಯಾಕೆ ನಡೆಸಬಾರದು?' ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ಪ್ರಶ್ನೆ ನ್ಯಾಯವಾದದ್ದು. ಉತ್ತರ ಹುಡುಕುವ ಮೊದಲು ಈ ಆಟದ ಜಾಯಮಾನವನ್ನೂ ಅದರ ಜಮಾಖರ್ಚನ್ನೂ ಸ್ವಲ್ಪ ತಿಳಿಯಬೇಕು.

ರಗ್ಬಿಯಲ್ಲಿ ಎರಡು ಪಂಥಗಳಿವೆ. ತಂಡಕ್ಕೆ 15 ಜನರಿರುವುದು ರಗ್ಬಿ ಯೂನಿಯನ್, 13 ಜನರಿರುವುದು ರಗ್ಬಿ ಲೀಗ್. ಒಡಕಿಗೆ ಕಾರಣವಾದದ್ದು ಕೂಲಿಯ ಪ್ರಶ್ನೆ. ಉತ್ತರ ಇಂಗ್ಲೆಂಡಿನ ಗಣಿಗಳಲ್ಲೂ ಗಿರಣಿಗಳಲ್ಲೂ ದುಡಿಯುತ್ತಿದ್ದವರು ಶನಿವಾರ ಆಟಕ್ಕೆ ಹೋದರೆ ಆ ದಿನದ ಸಂಬಳ ಕಳೆದುಕೊಳ್ಳುತ್ತಿದ್ದರು. ಅದನ್ನು ತುಂಬಿಕೊಡಲು ಕ್ಲಬ್ಬುಗಳಿಗೆ ಅವಕಾಶವಿರಲಿ ಎಂದು ಉತ್ತರದವರು ಕೇಳಿದರು. ಆಟಕ್ಕೆ ಹಣ ಪಡೆಯುವುದೇ ಅಪಚಾರ ಎಂದು ಆಡಳಿತ ನಡೆಸುತ್ತಿದ್ದವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಹೊಸ ಒಕ್ಕೂಟಕ್ಕೆ 22 ಕ್ಲಬ್ಬುಗಳು ಸ್ಥಾಪಕ ಸದಸ್ಯರಾದವು. ಆಡುವವನ ಹೊಟ್ಟೆಪಾಡಿನ ಲೆಕ್ಕದಿಂದಲೇ ಹುಟ್ಟಿದ ಆಟವಿದು. ಇಂದಿಗೂ ಇಂಗ್ಲೆಂಡಿನಲ್ಲಿ ಅದರ ಬೇರು ಇರುವುದು ಯಾರ್ಕ್‌ಷೈರ್, ಲ್ಯಾಂಕಷೈರ್ ಭಾಗದ ಮಧ್ಯಮ ಗಾತ್ರದ ಊರುಗಳಲ್ಲಿ. ಗಣಿ ಮುಚ್ಚಿವೆ, ಗಿರಣಿ ನಿಂತಿವೆ, ಕ್ಲಬ್ಬುಗಳು ಮಾತ್ರ ಉಳಿದುಕೊಂಡಿವೆ.

ಕ್ಲಬ್ಬಿನ ಆದಾಯ ಹೆಚ್ಚಾಗಿ ಮೂರು ಕಡೆಯಿಂದ ಬರುತ್ತದೆ: ಟಿಕೆಟ್, ಪ್ರಾಯೋಜಕರು, ಟಿವಿ ಹಕ್ಕಿನ ಹಣದಲ್ಲಿ ಸಿಗುವ ಪಾಲು. ಖರ್ಚಿನಲ್ಲಿ ದೊಡ್ಡದು ಸಂಬಳ. ಮೊದಲಿಗೆ ಟಿವಿ ಹಣವನ್ನೇ ನೋಡಿ. ಸೂಪರ್ ಲೀಗ್‌ಗೆ ವರ್ಷಕ್ಕೆ ಸುಮಾರು 4 ಕೋಟಿ ಪೌಂಡ್ ಬರುತ್ತಿದ್ದದ್ದು 2022ರ ಹೊಸ ಒಪ್ಪಂದದಲ್ಲಿ ಸುಮಾರು ಎರಡೂವರೆ ಕೋಟಿಗೆ ಇಳಿಯಿತು. 2024ರಿಂದ ಇನ್ನೂ ಕೆಳಗೆ ಹೋಯಿತು. ಆಟಗಾರರ ಸಂಬಳವನ್ನು ಅದೇ ವೇಗದಲ್ಲಿ ಇಳಿಸಲು ಆಗುವುದಿಲ್ಲ. ಪ್ರತಿಸ್ಪರ್ಧಿ ಹೆಚ್ಚು ಕೊಟ್ಟರೆ ಒಳ್ಳೆಯ ಆಟಗಾರ ಹೊರಟುಹೋಗುತ್ತಾನೆ, ತಂಡ ಸೋಲುತ್ತದೆ, ಟಿಕೆಟ್ ಮಾರಾಟವೂ ಬೀಳುತ್ತದೆ. ಇನ್ನೊಂದು ತೊಂದರೆ ಹಣ ಬರುವ ಹೊತ್ತಿನದು. ಇಂಗ್ಲೆಂಡಿನಲ್ಲಿ ಈಗ ಈ ಆಟ ನಡೆಯುವುದು ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ. ಇಡೀ ಋತುವಿನ ಟಿಕೆಟ್‌ಗಳನ್ನು ಮೊದಲೇ ಮಾರಿ ತಂದ ಹಣ ಬೇಸಿಗೆಯ ಹೊತ್ತಿಗೆ ಕರಗಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಪಂದ್ಯಗಳಿಲ್ಲ, ಗೇಟಿನ ಆದಾಯವಿಲ್ಲ, ಸಂಬಳ ಮಾತ್ರ ತಪ್ಪುವುದಿಲ್ಲ. ಆಗ ಮೊದಲು ಹಿಂದೆ ಬೀಳುವುದು ತೆರಿಗೆ. ಆಟಗಾರನಿಗೆ ಸಂಬಳ ಕೊಡದಿದ್ದರೆ ಮರುದಿನವೇ ಸುದ್ದಿಯಾಗುತ್ತದೆ, ತೆರಿಗೆ ಇಲಾಖೆಗೆ ಕೊಡದಿದ್ದರೆ ಕೆಲವು ತಿಂಗಳು ಯಾರಿಗೂ ಗೊತ್ತಾಗುವುದಿಲ್ಲ. ಕ್ಲಬ್ಬನ್ನು ಮುಚ್ಚಿಸಲು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಬಹಳ ಸಲ ಅದೇ ಇಲಾಖೆ.

ಈ ಕೊರತೆಯನ್ನು ದಶಕಗಳಿಂದ ತುಂಬುತ್ತ ಬಂದವರು ಸ್ಥಳೀಯ ಸಿರಿವಂತರು. ಕಟ್ಟಡದ ಗುತ್ತಿಗೆದಾರ, ಕಾರ್ಖಾನೆಯ ಒಡೆಯ, ಕುದುರೆ ರೇಸಿನ ಶ್ರೀಮಂತ, ಹೀಗೆ. ಅವರಿಗೆ ಪ್ರೀತಿ ಇಲ್ಲ ಎನ್ನಲಾರೆ. ಆದರೆ ಪ್ರತಿ ವರ್ಷ ಕೈಯಿಂದ ಹಾಕುವವನಿಗೆ ಒಂದಲ್ಲ ಒಂದು ದಿನ ಸಾಕಾಗುತ್ತದೆ, ವಯಸ್ಸಾಗುತ್ತದೆ, ವ್ಯಾಪಾರ ಕೆಡುತ್ತದೆ. ಅವನು ಎದ್ದು ಹೋದ ಮೇಲೆ ಅವನ ಕಾಲದ ಸಂಬಳಪಟ್ಟಿ ಉಳಿಯುತ್ತದೆ.

ಸ್ಯಾಲ್ಫರ್ಡ್ ಊರಿನ ಕ್ಲಬ್ಬಿನಲ್ಲಿ ಇದರ ಬೇರೆ ಬೇರೆ ಹಂತಗಳನ್ನು ಒಂದೇ ಕಡೆ ನೋಡಬಹುದು. 2013ರಲ್ಲಿ ಕ್ಲಬ್ಬನ್ನು ಕೊಂಡ ಉದ್ಯಮಿ ಕೆಲವು ವರ್ಷ ದೊಡ್ಡ ಮೊತ್ತ ಹಾಕಿ ಹಿಂದೆ ಸರಿದರು. ಆಮೇಲೆ ಸೀಮಿತ ಹಣದಲ್ಲೇ ತಂಡ 2019ರಲ್ಲಿ ಸೂಪರ್ ಲೀಗ್ ಫೈನಲ್ ತಲುಪಿತು. 2020ರ ಚಾಲೆಂಜ್ ಕಪ್ ಫೈನಲನ್ನು ಒಂದೇ ಅಂಕದಿಂದ ಸೋತಿತು. ಅಭಿಮಾನಿಗಳಿಗೆ ಷೇರು ಕೊಟ್ಟು ಸಮುದಾಯದ ಒಡೆತನದತ್ತಲೂ ಹೆಜ್ಜೆ ಇಟ್ಟಿತು. ಆದರೆ ಕ್ರೀಡಾಂಗಣ ಅದರದ್ದಾಗಿರಲಿಲ್ಲ, ಅಲ್ಲಿ ಅದು ಬಾಡಿಗೆದಾರನಾಗಿತ್ತು. 2024ರ ನವೆಂಬರ್‌ನಲ್ಲಿ ಲೀಗಿನಿಂದ ಬರಬೇಕಿದ್ದ ಮುಂದಿನ ವರ್ಷದ ಪಾಲಿನಿಂದ 5 ಲಕ್ಷ ಪೌಂಡ್ ಮುಂಗಡ ಬೇಡಬೇಕಾಯಿತು. 2025ರ ಫೆಬ್ರವರಿಯಲ್ಲಿ ಹೊಸ ಹೂಡಿಕೆದಾರರು ಬಂದರೂ ಸಂಬಳ ತಡವಾಯಿತು. ಆಟದ ಆಡಳಿತ ಮಂಡಳಿ ಖರ್ಚಿಗೆ ಮಿತಿ ಹೇರಿದ್ದರಿಂದ ಮೊದಲ ಪಂದ್ಯಕ್ಕೆ ಎಳೆಯರನ್ನೇ ಇಳಿಸಿ ಸೇಂಟ್ ಹೆಲೆನ್ಸ್ ಎದುರು 82–0ರಿಂದ ಸೋತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೆರಿಗೆ ಬಾಕಿಯ ಪ್ರಕರಣದಲ್ಲಿ ನ್ಯಾಯಾಲಯ ಕಂಪನಿಯನ್ನು ಮುಚ್ಚಲು ಆದೇಶಿಸಿತು.

ಅಭಿಮಾನಿಗಳ ಒಡೆತನವನ್ನು ಅದರ ಪೂರ್ಣ ರೂಪದಲ್ಲಿ ನೋಡಬೇಕಾದರೆ ಸ್ಯಾಲ್ಫರ್ಡ್‌ನಿಂದ ತುಸು ಉತ್ತರಕ್ಕಿರುವ ರಾಚ್‌ಡೇಲ್‌ಗೆ ಹೋಗಬೇಕು. ಸಹಕಾರ ಚಳವಳಿಯ ಚರಿತ್ರೆ ಓದಿದವರಿಗೆ ಆ ಊರಿನ ಹೆಸರು ಗೊತ್ತಿರುತ್ತದೆ. 1844ರ ಡಿಸೆಂಬರ್ 21ರಂದು ಅಲ್ಲಿನ 28 ಜನ, ಅವರಲ್ಲಿ ಹಲವರು ನೇಕಾರರು, ತಲಾ ಒಂದು ಪೌಂಡ್ ಹಾಕಿ ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ, ಅಷ್ಟೇ ಸರಕು. ಕಲಬೆರಕೆಯಿಲ್ಲದ ಪದಾರ್ಥ, ಸರಿಯಾದ ತೂಕ, ಎಷ್ಟೇ ಷೇರು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಅಲ್ಲಿ ರೂಪುಗೊಂಡ ತತ್ವಗಳು ಲೋಕದ ಸಹಕಾರ ಸಂಘಗಳಿಗೆಲ್ಲ ಅಡಿಪಾಯವಾದವು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವೂ ದೂರದಿಂದ ಅದೇ ಬಳಗಕ್ಕೆ ಸೇರುತ್ತದೆ.

ಅದೇ ಊರಿನ ರಾಚ್‌ಡೇಲ್ ಹಾರ್ನೆಟ್ಸ್ 1871ರಲ್ಲಿ ಹುಟ್ಟಿದ ಕ್ಲಬ್ಬು, 1895ರ ಆ 22ರಲ್ಲಿ ಒಂದು. 1922ರಲ್ಲಿ ಹಲ್ ತಂಡವನ್ನು 10–9ರಿಂದ ಸೋಲಿಸಿ ಚಾಲೆಂಜ್ ಕಪ್ ಎತ್ತಿತ್ತು. ಆಮೇಲೆ ಆ ಕಪ್ ಅಲ್ಲಿಗೆ ಬರಲಿಲ್ಲ. 1988ರಲ್ಲಿ ಸಾಲದ ಒತ್ತಡದ ನಡುವೆ ಅಥ್ಲೆಟಿಕ್ ಗ್ರೌಂಡ್ಸ್ ಎಂಬ ತನ್ನ ಸ್ವಂತ ಮೈದಾನವನ್ನು ಮಾರಿತು, ಅಲ್ಲಿ ಸೂಪರ್ ಮಾರ್ಕೆಟ್ ಎದ್ದಿತು. ತಂಡ ಊರಿನ ಫುಟ್‌ಬಾಲ್ ಕ್ಲಬ್ಬಿನ ಸ್ಪಾಟ್‌ಲ್ಯಾಂಡ್ ಕ್ರೀಡಾಂಗಣಕ್ಕೆ ಹೋಯಿತು. ಮೈದಾನ ಮಾರಿದರೆ ಒಂದೇ ಸಲ ದೊಡ್ಡ ಮೊತ್ತ ಬರುತ್ತದೆ, ಹಳೆಯ ಸಾಲ ತೀರುತ್ತದೆ. ಆದರೆ ವಾರದ ಮಿಕ್ಕ ಆರು ದಿನ ಸಭಾಂಗಣ ಬಾಡಿಗೆಗೆ ಕೊಡುವ, ಮದುವೆ ನಡೆಸುವ, ಬಾರಿನಲ್ಲಿ ವ್ಯಾಪಾರ ಮಾಡುವ ಅವಕಾಶವೂ ಅದರೊಂದಿಗೇ ಹೋಗುತ್ತದೆ. ಬ್ಯಾಂಕಿಗೆ ಅಡವಿಡಲು ಏನೂ ಉಳಿಯುವುದಿಲ್ಲ. ಮೈದಾನ ಕಳೆದುಕೊಂಡ ಕ್ಲಬ್ಬು ಅರ್ಧ ಕ್ಲಬ್ಬು ಎಂದೇ ನನ್ನ ಅಭಿಪ್ರಾಯ.

2009ರ ಸುಮಾರಿಗೆ ಹಾರ್ನೆಟ್ಸ್ ಮತ್ತೆ ಮುಗ್ಗರಿಸಿದಾಗ ಅಭಿಮಾನಿಗಳು ಊರಿನ ಹಳೆಯ ದಾರಿಯನ್ನೇ ಹಿಡಿದರು. ಕ್ಲಬ್ಬು ಸದಸ್ಯರ ಸಹಕಾರ ಸಂಘವಾಯಿತು. ಚುನಾಯಿತ ಆಡಳಿತ ಮಂಡಳಿ, ವಾರ್ಷಿಕ ಮಹಾಸಭೆ, ತಲೆಗೊಂದು ಮತ. ಸಂಬಳ ಕೈಲಿರುವ ಹಣದೊಳಗೆ. ಆಟಗಾರರು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ಹೀಗೆ ನಡೆದ ಕ್ಲಬ್ಬು 2013ರಲ್ಲಿ ಮೂರನೇ ದರ್ಜೆಯ ಫೈನಲ್‌ನಲ್ಲಿ ಓಲ್ಡಮ್ ತಂಡವನ್ನು ಸೋಲಿಸಿ ಮೇಲೇರಿತು, ಬೇಗನೆ ಕೆಳಗಿಳಿಯಿತು. 2016ರಲ್ಲಿ ಫ್ರಾನ್ಸಿನ ಟೂಲೂಸ್‌ಗೆ ಹೋಗಿ, ತನಗಿಂತ ಎಷ್ಟೋ ಪಾಲು ಹಣವುಳ್ಳ ತಂಡವನ್ನು ಅದರದೇ ಅಂಗಳದಲ್ಲಿ 24–22ರಿಂದ ಗೆದ್ದು ಮತ್ತೆ ಬಡ್ತಿ ಪಡೆಯಿತು. ಸಹಕಾರಿ ಕ್ಲಬ್ಬಿಗೆ ಆಟ ಬರುವುದಿಲ್ಲ ಎನ್ನುವವರು ಆ ಸಂಜೆಯನ್ನು ನೆನೆಯಬೇಕು.

ಬಡ್ತಿಯೇ ಭಾರವಾಯಿತು. ಎರಡನೇ ದರ್ಜೆಯಲ್ಲಿ ಎದುರಾಳಿಗಳಲ್ಲಿ ಕೆಲವರು ಪೂರ್ಣಾವಧಿ ವೃತ್ತಿಪರರು, ಖರ್ಚು ಹೆಚ್ಚು, ಸೋಲುಗಳೂ ಹೆಚ್ಚು. ಸದಸ್ಯರಿಂದ ಇನ್ನಷ್ಟು ಬಂಡವಾಳ ಎತ್ತುವುದಾದರೂ ಹೇಗೆ? ಇಲ್ಲಿ ನಮ್ಮ ಹಾಲು ಉತ್ಪಾದಕರ ಸಂಘವನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಎರಡು ಹಸು ಇದ್ದವಳಿಗೂ ಹತ್ತು ಇದ್ದವನಿಗೂ ಅಲ್ಲಿ ಒಂದೇ ಮತ, ಇದು ರಾಚ್‌ಡೇಲ್‌ನದೇ ನಿಯಮ. ಆದರೆ ಡೇರಿಗೆ ಹಾಲು ಹಾಕಿದವರಿಗೆ ಬಟವಾಡೆ ಸಿಗುತ್ತದೆ, ಸಂಘ ಚೆನ್ನಾಗಿ ನಡೆದರೆ ಮನೆಗೆ ಲಾಭ. ಕ್ಲಬ್ಬಿನ ಸದಸ್ಯರು ಷೇರಿಗೂ ಕೊಡಬೇಕು, ಟಿಕೆಟಿಗೂ ಕೊಡಬೇಕು, ಮಗುವಿನ ಜೆರ್ಸಿಗೂ ಕೊಡಬೇಕು, ಮರಳಿ ಹಣ ಬರುವುದಿಲ್ಲ. ಷೇರನ್ನು ಲಾಭಕ್ಕೆ ಮಾರುವಂತಿಲ್ಲ. ಹೆಚ್ಚು ಹಣ ಹಾಕಿದವನಿಗೆ ಹೆಚ್ಚು ಮತವೂ ಇಲ್ಲದ್ದರಿಂದ ದೊಡ್ಡ ಹೂಡಿಕೆದಾರ ಹತ್ತಿರ ಬರುವುದಿಲ್ಲ. ಅವನನ್ನು ದೂರವಿಡುವ ಬೇಲಿಯೇ ಕ್ಲಬ್ಬನ್ನು ಬಡತನದಲ್ಲೂ ಇಡುತ್ತದೆ. ಒಂದು ದಶಕ ತುಂಬುವ ಹೊತ್ತಿಗೆ ಹಾರ್ನೆಟ್ಸ್ ಸದಸ್ಯರು ನಿಯಂತ್ರಣವನ್ನು ಖಾಸಗಿ ಹೂಡಿಕೆದಾರರಿಗೆ ಬಿಟ್ಟುಕೊಡಲು ತಾವೇ ಮತ ಹಾಕಿದರು. 2019ರಲ್ಲಿ ತಂಡ ಮತ್ತೆ ಮೂರನೇ ದರ್ಜೆಗೆ ಇಳಿಯಿತು.

ಇದನ್ನು ಸಹಕಾರದ ಸೋಲೆಂದು ಬರೆದವರ ಜೊತೆ ನಾನಿಲ್ಲ. ಸುಮಾರು ಹತ್ತು ವರ್ಷ ಕ್ಲಬ್ಬು ಜೀವದಿಂದಿತ್ತು, ಎರಡು ಸಲ ಬಡ್ತಿ ಪಡೆಯಿತು. ಬಿಟ್ಟುಕೊಡುವ ತೀರ್ಮಾನ ಕೂಡ ಸದಸ್ಯರ ಮತದಿಂದಲೇ ಆದದ್ದು. ಅಭಿಮಾನಿಗಳ ಒಡೆತನದಿಂದ ಆದಾಯ ಹುಟ್ಟುವುದಿಲ್ಲ, ಇದನ್ನು ಸದಸ್ಯತ್ವ ಮಾರುವಾಗಲೇ ಜನರಿಗೆ ಹೇಳಬೇಕು. ಅದರಿಂದ ಸಿಗುವುದು ಲೆಕ್ಕ ನೋಡುವ ಹಕ್ಕು, ಮಾರಾಟವನ್ನು ತಡೆಯುವ ಹಕ್ಕು. ಅವು ಸಣ್ಣ ಹಕ್ಕುಗಳಲ್ಲ.

ಹೂಡಿಕೆದಾರರ ಹಣ, ಸದಸ್ಯರ ಹಕ್ಕು ಎರಡನ್ನೂ ಜೊತೆಗಿಟ್ಟುಕೊಂಡ ಉದಾಹರಣೆ ಸಿಡ್ನಿಯ ಸೌತ್ ಸಿಡ್ನಿ ರ್‍ಯಾಬಿಟೋಸ್. 1908ರ ಈ ಕ್ಲಬ್ಬನ್ನು 1999ರ ಕೊನೆಯಲ್ಲಿ ತಂಡಗಳ ಸಂಖ್ಯೆ ಕಡಿಮೆ ಮಾಡುವ ನೆಪದಲ್ಲಿ ರಾಷ್ಟ್ರೀಯ ಲೀಗಿನಿಂದ ಹೊರಗಿಟ್ಟರು. 2000ದ ನವೆಂಬರ್‌ನಲ್ಲಿ ಸುಮಾರು 80,000 ಜನ ಸಿಡ್ನಿಯ ಬೀದಿಗಿಳಿದರು. ಮರುವರ್ಷ ಮೇಲ್ಮನವಿಯಲ್ಲಿ ಗೆದ್ದು, 2002ರಲ್ಲಿ ಕ್ಲಬ್ಬು ವಾಪಸಾಯಿತು. ಗೆಲುವಿನಿಂದ ಹಣ ಬರಲಿಲ್ಲ; ತಂಡ ತಳದಲ್ಲೇ ಉಳಿಯಿತು. 2006ರ ಮಾರ್ಚ್‌ನಲ್ಲಿ ನಟ ರಸೆಲ್ ಕ್ರೋ ಮತ್ತು ಉದ್ಯಮಿ ಪೀಟರ್ ಹೋಮ್ಸ್ ಅ ಕೋರ್ಟ್ ಮೂವತ್ತು ಲಕ್ಷ ಡಾಲರ್‌ಗೆ ಶೇಕಡಾ 75ರಷ್ಟು ಪಾಲು ಕೇಳಿದರು. ಮತ ಹಾಕಿದ ಸದಸ್ಯರ ಪೈಕಿ ಮುಕ್ಕಾಲು ಪಾಲು ಒಪ್ಪಬೇಕಿತ್ತು, ಶೇಕಡಾ 75.8ರಷ್ಟು ಜನ ಒಪ್ಪಿದರು. ಕ್ಲಬ್ಬಿಗಾಗಿ ಬೀದಿಗಿಳಿದವರಲ್ಲೇ ಹಲವರು ವಿರೋಧವಾಗಿ ಮತ ಹಾಕಿದರು, ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಉಳಿದ ಶೇಕಡಾ 25ರಷ್ಟು ಪಾಲು ಸದಸ್ಯರ ಸಂಸ್ಥೆಯ ಕೈಯಲ್ಲೇ ಇತ್ತು. ಕ್ಲಬ್ಬಿನ ಹೆಸರು, ಲಾಂಛನ, ಕೆಂಪು–ಹಸಿರು ಬಣ್ಣ, ನೆಲೆ ಇವನ್ನು ಅವರ ಒಪ್ಪಿಗೆಯಿಲ್ಲದೆ ಬದಲಿಸುವಂತಿರಲಿಲ್ಲ. 2014ರಲ್ಲಿ ತಂಡ 43 ವರ್ಷಗಳ ನಂತರ ಪ್ರಶಸ್ತಿ ಗೆದ್ದಿತು.

ಇಂಗ್ಲೆಂಡಿನ ರಗ್ಬಿ ಲೀಗ್ ಆಡಳಿತ ಮಂಡಳಿಗೆ ಇಂಥ ಏರ್ಪಾಡನ್ನು ನಿಯಮವಾಗಿಸುವುದು ಕಷ್ಟವಲ್ಲ. ಲೀಗಿನಲ್ಲಿ ಆಡಲು ಕ್ಲಬ್ಬುಗಳಿಗೆ ಅದು ಹೇಗೂ ಷರತ್ತುಗಳನ್ನು ಹಾಕುತ್ತದೆ. ಸದಸ್ಯರ ಸಂಸ್ಥೆಗೆ ತಡೆಹಕ್ಕಿರುವ ಒಂದು ಪಾಲು, ಮೈದಾನವನ್ನು ಅಡವಿಡುವ ಮೊದಲು ಅದರ ಒಪ್ಪಿಗೆ, ತೆರಿಗೆ ಬಾಕಿ ಎಷ್ಟಿದೆ ಎಂದು ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ತಿಳಿಸುವುದು, ಈ ಮೂರನ್ನು ಆ ಪಟ್ಟಿಗೆ ಸೇರಿಸಿದರೆ ಆಯಿತು. ತೆರಿಗೆ ಬಾಕಿಯ ಲೆಕ್ಕ ನವೆಂಬರ್‌ಗೆ ಮೊದಲೇ ಗೊತ್ತಾದರೆ ಅಭಿಮಾನಿಗಳು ಆಟಗಾರರ ಮುಂದಿನ ಒಪ್ಪಂದಗಳ ಬಗ್ಗೆ ಮಾತಾಡಬಹುದು. ಜನವರಿಯಲ್ಲಿ ಗೊತ್ತಾದರೆ ಅವರಿಗೆ ಉಳಿಯುವುದು ದೇಣಿಗೆಯ ಡಬ್ಬಿ ಮಾತ್ರ.