ಅಗ್ಗದ ಸೌದೆ, ದುಬಾರಿ ಹೊಗೆ

ಯುಗಾದಿಯ ಬೇವು-ಬೆಲ್ಲ ಮುಗಿಯುವುದೇ ತಡ, ಮಿಶಿಗನ್ನಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಬೇಸಿಗೆಯ ಕ್ಯಾಂಪಿಂಗ್ ಮಾತು ಶುರುವಾಗುತ್ತದೆ. ಟೆಂಟಿನಿಂದ ಪುಳಿಯೋಗರೆ ಗೊಜ್ಜಿನವರೆಗೆ ಎಲ್ಲದಕ್ಕೂ ಪಟ್ಟಿ ಇರುತ್ತದೆ. ಮೈಸೂರಿನವರು ಸೌದೆ, ಧಾರವಾಡದವರು ಕಟ್ಟಿಗೆ ಎನ್ನುವ ವಸ್ತು ಮಾತ್ರ ನೆನಪಾಗುವುದು ದಾರಿಯ ಗ್ಯಾಸ್ ಸ್ಟೇಷನ್ನಿನಲ್ಲಿ. ಅಲ್ಲಿ ಪ್ಲಾಸ್ಟಿಕ್ ಸುತ್ತಿದ ಪುಟ್ಟ ಕಟ್ಟಿನ ಬೆಲೆ ನೋಡಿ, "ಇದೇನು ಶ್ರೀಗಂಧವೇ?" ಎನ್ನುವವರೇ ಹೆಚ್ಚು.

ಮೊದಲು ಲೆಕ್ಕ ನೋಡೋಣ. ಊರಿನ ಸೌದೆ ಡಿಪೋದಲ್ಲಿ ತೂಕದ ವ್ಯಾಪಾರ, ಇಲ್ಲಿ ಅಳತೆಯದು. ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದದ ರಾಶಿಗೆ ಒಂದು 'ಕಾರ್ಡ್', ಅಂದರೆ 128 ಘನ ಅಡಿ. ಅಂಗಡಿಯ ಕಟ್ಟು ಸಾಮಾನ್ಯವಾಗಿ ಮುಕ್ಕಾಲು ಘನ ಅಡಿ. ಕಟ್ಟಿಗೆ 8 ಡಾಲರ್ ಎಂದುಕೊಂಡರೆ ಒಂದು ಕಾರ್ಡಿಗೆ 1,300 ಡಾಲರ್ ದಾಟಿತು! ಆದ್ದರಿಂದ ಎಂಟು ಹತ್ತು ಕುಟುಂಬ ಸೇರಿ ಹೋಗುವಾಗ, ಕ್ಯಾಂಪ್ ಇರುವ ಊರಿನಲ್ಲೇ ಸೌದೆ ಮಾರುವ ರೈತರನ್ನು ವಿಚಾರಿಸಿ, ಒಟ್ಟಿಗೆ ಕೊಂಡು ಹಂಚಿಕೊಳ್ಳಿ. 'ಫೇಸ್ ಕಾರ್ಡ್' ಎಂದರೆ ಸುಮಾರು ಮೂರನೇ ಒಂದು ಭಾಗ ಮಾತ್ರ; ಬೆಲೆ ಕೇಳುವಾಗ ಯಾವ ಕಾರ್ಡ್ ಎಂದೂ ಕೇಳಿ. ಅನೇಕ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಬಿದ್ದ ಒಣ ಕೊಂಬೆಗಳನ್ನು ಕ್ಯಾಂಪಿನ ಬೆಂಕಿಗೆ ಆಯ್ದುಕೊಳ್ಳಬಹುದು. ಆದರೆ ಹಲವು ಪಾರ್ಕುಗಳಲ್ಲಿ ಅದಕ್ಕೂ ನಿಷೇಧವಿದೆ. ಮೊದಲು ರೇಂಜರನ್ನು ಕೇಳುವುದು ಜಾಣತನ.

"ಮನೆ ಹಿತ್ತಲಲ್ಲಿ ಕಡಿದ ಮರವಿದೆ, ಪುಕ್ಕಟೆ ಅಲ್ಲವೇ ಡಾಕ್ಟ್ರೇ?" ಎಂದು ಕೇಳುವವರಿದ್ದಾರೆ. ದಯವಿಟ್ಟು ವ್ಯಾನಿಗೆ ತುಂಬಬೇಡಿ. ಆ್ಯಶ್ ಮರ ಕೊರೆಯುವ ಹಸಿರು ದುಂಬಿಯನ್ನು, ಅಂದರೆ ಎಮರಾಲ್ಡ್ ಆ್ಯಶ್ ಬೋರರ್ ಅನ್ನು, ಅಮೆರಿಕದಲ್ಲಿ ಮೊದಲು ಗುರುತಿಸಿದ್ದು 2002ರಲ್ಲಿ, ನಮ್ಮ ಡೆಟ್ರಾಯಿಟ್ ಬಳಿಯೇ. ಅದರ ಮರಿಹುಳು ತೊಗಟೆಯ ಕೆಳಗೆ ಕೊರೆದು, ಮರಕ್ಕೆ ನೀರು-ಆಹಾರ ಸಾಗದಂತೆ ಮಾಡುತ್ತದೆ. ತಾನೇ ಹಾರಿ ಹೋದರೆ ವರ್ಷಕ್ಕೆ ಕೆಲವೇ ಮೈಲಿ. ಸೌದೆಯೊಳಗೆ ಕೂತರೆ ಒಂದೇ ದಿನಕ್ಕೆ ನೂರಾರು ಮೈಲಿ. ಕೋಟಿಗಟ್ಟಲೆ ಆ್ಯಶ್ ಮರಗಳು ಸತ್ತಿವೆ. 2021ರಲ್ಲಿ ಕೇಂದ್ರ ಸರ್ಕಾರ ಈ ಕೀಟದ ಮೇಲಿನ ಸಾಗಣೆ ನಿರ್ಬಂಧ ತೆಗೆದರೂ, ಹಲವು ರಾಜ್ಯಗಳ ಮತ್ತು ಪಾರ್ಕುಗಳ ನಿಯಮ ಉಳಿದಿವೆ. ಒಯ್ಯಲೇಬೇಕಿದ್ದರೆ, ಶಾಖದಲ್ಲಿ ಸಂಸ್ಕರಿಸಿದ್ದೆಂದು ಸರ್ಕಾರಿ ಮುದ್ರೆಯಿರುವ ಕಟ್ಟನ್ನೇ ಒಯ್ಯಿರಿ.

ಇನ್ನು ನನ್ನ ಕಸುಬಿನ ಮಾತು. ಹಸಿ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು; ಆಸ್ತಮಾ ಇರುವ ಮಗುವಿಗೆ, ಊರಿಂದ ಬಂದಿರುವ ತಾತ-ಅಜ್ಜಿಯ ಎದೆಗೆ ಅದು ಕಷ್ಟ. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಎರಡು ತುಂಡನ್ನು ತಟ್ಟಿ ನೋಡಿ: ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಪ್ ಎನ್ನುತ್ತದೆ. ತುದಿಯಲ್ಲಿ ಬಿರುಕುಗಳೂ ಇರಬೇಕು.

ಪುಕ್ಕಟೆ ಸಿಕ್ಕಿತೆಂದು ಹಳೆಯ ಡೆಕ್ಕಿನ ಹಲಗೆ ಸುಡಲೇಬೇಡಿ. 2004ಕ್ಕೆ ಮೊದಲು ಮನೆಗಳಿಗೆ ಬಳಸುತ್ತಿದ್ದ ಪ್ರೆಷರ್ ಟ್ರೀಟೆಡ್ ಮರದಲ್ಲಿ ಆರ್ಸೆನಿಕ್ ಇರುತ್ತಿತ್ತು. ಹೊಗೆಯೂ ವಿಷ, ಬೂದಿಯೂ ವಿಷ. ಬಣ್ಣ ಬಳಿದ ಮರ, ಪ್ಲೈವುಡ್ ಕೂಡ ಬೇಡ. ಕೊಂಬೆಗೆ ಸುತ್ತಿದ ಪಾಯಿಸನ್ ಐವಿ ಬಳ್ಳಿ ಒಣಗಿದ್ದರೂ ಅಪಾಯಕಾರಿ. ಮೈಗೆ ತಾಗಿದರೆ ತುರಿಕೆ, ಸುಟ್ಟ ಹೊಗೆ ಒಳಹೋದರೆ ಶ್ವಾಸಕೋಶವೇ ಊದಿಕೊಳ್ಳಬಹುದು.

ಕೊನೆಯದಾಗಿ, ಚಳಿಯೆಂದು ಕೆಂಡವನ್ನು ಟೆಂಟಿನೊಳಗೆ ಎಂದೂ ಇಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದೂ ಇಲ್ಲ. ಮಲಗುವ ಮುನ್ನ ಬೆಂಕಿಗೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ತಣ್ಣಗಾಯಿತೇ ಎಂದು ನೋಡಿ.

ಹತ್ತಿರದಲ್ಲಿ ಕೊಂಡದ್ದು, ಚೆನ್ನಾಗಿ ಒಣಗಿದ್ದು, ಹತ್ತು ಜನ ಹಂಚಿಕೊಂಡದ್ದು: ಇವು ಮೂರೂ ಸೇರಿದರೆ ಅದೇ ನಿಜವಾದ ಅಗ್ಗದ ಸೌದೆ.