ಪಾಕಗ್ರಂಥವೂ ನಮ್ಮ ಅಡಿಗೆಮನೆಯೂ

ಸರ್ವಪಾಕಗಳೂ ಒಂದೇ ಗ್ರಂಥದಲ್ಲಿ ಅಡಕವಾಗಿವೆಯೆಂದು ನಂಬಿ, ಮನೆಯ ಹಿರಿಯರನ್ನು ಕೇಳುವುದನ್ನೇ ಬಿಟ್ಟ ಕುಟುಂಬಗಳು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಹೆಚ್ಚುತ್ತಿವೆ. ಊರೂರಿಗೂ ಸಲ್ಲಲೆಂದು ಬರೆದ ಪುಸ್ತಕವು ಸಾರು, ಪಲ್ಯ, ಪಾಯಸಗಳನ್ನು ಚೆನ್ನಾಗಿಯೇ ಕಲಿಸೀತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಆಷಾಢದ ಪತ್ರೊಡೆಯಲ್ಲಿ ಕೆಸುವಿನ ತುರಿಕೆ ಅಡಗಲು ಹುಣಿಸೆಹುಳಿ ಎಷ್ಟು ಬೇಕು, ಹೆಚ್ಚಿದ ಕಳಲೆಯನ್ನು ದಿನದಿನವೂ ನೀರು ಬದಲಿಸಿ ಎಷ್ಟು ದಿನ ನೆನೆಯಿಸಿದರೆ ಅದರ ವಿಷ ಇಳಿದೀತು ಎಂಬುದನ್ನು ಬಲ್ಲವರು ನಮ್ಮ ಅಜ್ಜಿಯರು. ಇಲ್ಲಿ ತಪ್ಪಿದರೆ ರುಚಿಯೊಡನೆ ಆರೋಗ್ಯವೂ ಕೆಟ್ಟೀತು.

ಅಡಿಗೆಯ ವಿಷಯ ಬರೆಯುವುದು ಪಂಡಿತರಿಗೆ ತಕ್ಕುದಲ್ಲವೆನ್ನುವವರಿಗೆ ನನ್ನ ಪ್ರಶ್ನೆಯಿದು: ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಎಡೆಗೊಟ್ಟನಲ್ಲವೆ? 16ನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿಯೇ ‘ಸೂಪಶಾಸ್ತ್ರ’ವನ್ನು ರಚಿಸಲಿಲ್ಲವೆ? ಅವರಿಗಿಲ್ಲದ ಸಂಕೋಚ ನಮಗೇಕೆ?

ಗ್ರಂಥವಿರಲಿ. ಅದರ ಕೊನೆಗೆ ನಾಲ್ಕು ಬಿಳಿಯ ಹಾಳೆಗಳನ್ನು ಹೊಲಿದು, ಅಜ್ಜಿಯ ಬಾಯಿಂದ ಕೇಳಿದ್ದನ್ನು ಅಳತೆಸಹಿತ ಬರೆದಿಡಿರಿ. ಆ ಧ್ವನಿ ಅಡಗಿದ ಮೇಲೆ ಯಾವ ಮುದ್ರಣಾಲಯವೂ ಅದನ್ನು ಅಚ್ಚುಹಾಕಲಾರದು.