103–27 ನೋಡಿ ನಕ್ಕವರಿಗೆ

103–27. ಇದು ಕ್ರಿಕೆಟ್ ಸ್ಕೋರ್ ಅಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಜಪಾನ್ ನಮ್ಮ ದೇಶದ ತಂಡವನ್ನು ಸೋಲಿಸಿದ ಲೆಕ್ಕ. ಜಪಾನಿನವರು 103, ನಾವು 27. ಈ ಅಂಕೆ ಯಾರಿಗೆ ಹೇಳಿದರೂ ಮೊದಲು ನಗು ಬರುತ್ತದೆ. ಆಮೇಲೆ ಒಂದು ಮಾತು ಬರುತ್ತದೆ: ‘ಈ ಆಟ ನಮ್ಮ ಹುಡುಗೀರಿಗೆ ಆಗಿಬರಲ್ಲ ಬಿಡ್ರಿ.’

ನಗುವುದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಆ ಎರಡನೇ ಮಾತಿನ ಮೇಲೆ.

ಅದೇ ಕ್ರೀಡಾಂಗಣದಲ್ಲಿ, ಎರಡು ವರ್ಷ ಮೊದಲು ಏನಾಯಿತು ಎಂದು ಕೇಳಿದರೆ ನೂರಕ್ಕೆ ತೊಂಬತ್ತೊಂಬತ್ತು ಜನ ಗೊತ್ತಿಲ್ಲ ಅನ್ನುತ್ತಾರೆ. 2017ರ ಜುಲೈನಲ್ಲಿ ಏಷ್ಯಾ ಕಪ್‌ನ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75–73ರಲ್ಲಿ ಸೋಲಿಸಿ ಕಪ್ ಗೆದ್ದರು, ‘ಎ’ ವಿಭಾಗಕ್ಕೆ ಏರಿದರು. ಎರಡೇ ಪಾಯಿಂಟ್ ಅಂತರ, ಅಂದರೆ ಒಂದು ಬುಟ್ಟಿ. ನಮ್ಮದೇ ರಾಜಧಾನಿಯಲ್ಲಿ, ನಮ್ಮ ಊರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಇಳಿಯುವ ಜಾಗದಲ್ಲಿ, ಭಾರತ ಒಂದು ಅಂತರರಾಷ್ಟ್ರೀಯ ಕಪ್ ಗೆದ್ದಿತು. ಯಾವ ಊರಿನ ಸರ್ಕಲ್‌ನಲ್ಲಿ ಪಟಾಕಿ ಹಾರಿತು ಹೇಳಿ ನೋಡೋಣ.

ಆ ವಾರ ನೆನಪಿರಬಹುದು. ಜುಲೈ 23ರಂದು ಲಾರ್ಡ್ಸ್‌ನಲ್ಲಿ ನಮ್ಮ ಮಹಿಳಾ ಕ್ರಿಕೆಟ್ ತಂಡ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿಗೆ 9 ರನ್‌ಗಳಿಂದ ಸೋತಿತ್ತು. ದೇಶವೆಲ್ಲ ಮರುಗಿತು, ಮರುಗಬೇಕಾದದ್ದೇ. ಆದರೆ ಅದೇ ವಾರ ಇಲ್ಲೇ ಗೆಲ್ಲುತ್ತಿದ್ದವರ ಕಡೆ ಯಾರೂ ತಲೆ ತಿರುಗಿಸಿ ನೋಡಲಿಲ್ಲ. ಸೋತ ತಂಡದ ಹೆಸರುಗಳು ಬಾಯಿಪಾಠ ಆದವು, ಗೆದ್ದ ತಂಡದ ಒಬ್ಬರ ಹೆಸರೂ ನಮಗೆ ಗೊತ್ತಾಗಲಿಲ್ಲ. ಪತ್ರಿಕೋದ್ಯಮ ಓದಿದ ನಮ್ಮ ಜಾತಿಯವರ ತಪ್ಪು ಇದರಲ್ಲಿ ಮೊದಲನೇದು. ಕ್ರೀಡಾ ಪುಟದಲ್ಲಿ ಒಂದು ಮೂಲೆ ಕೊಟ್ಟು ಕೈ ತೊಳೆದುಕೊಂಡ ಸಂಪಾದಕರು ಎರಡು ವರ್ಷದ ನಂತರ 103–27ಕ್ಕೆ ಮಾತ್ರ ‘ಹೀನಾಯ ಸೋಲು’ ಎಂದು ದಪ್ಪ ಅಕ್ಷರದ ತಲೆಬರಹ ಕೊಡಲು ಮರೆಯುವುದಿಲ್ಲ.

ಸರಿ, ಸೋಲಿನ ಮಾತೇ ಆಡೋಣ. 2019ರಲ್ಲಿ ನಮ್ಮ ತಂಡ ಒಂದೂ ಪಂದ್ಯ ಗೆಲ್ಲದೆ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಎರಡು ವರ್ಷದ ನಂತರ ಜೋರ್ಡಾನ್ ದೇಶದ ಅಮ್ಮಾನ್‌ನಲ್ಲೂ ಎಂಟರಲ್ಲಿ ಎಂಟೇ. ಮುಚ್ಚಿಡುವಂಥದ್ದು ಏನಿಲ್ಲ. ಆದರೆ 2019ರ ಅದೇ ವಾರ, ಜಪಾನಿನ ಎದುರು 27 ಗಳಿಸಿದ ಅದೇ ಹುಡುಗಿಯರು ಕೊನೆಯ ಆಟದಲ್ಲಿ ಫಿಲಿಪ್ಪೀನ್ಸ್ ಎದುರು 78 ಗಳಿಸಿದರು. ಅವರು 92 ಹೊಡೆದರು, ನಾವು ಸೋತೆವು. ಒಂದು ವಾರದೊಳಗೆ ಕೈಗೆ ಹೊಸ ಕಲೆ ಬರುವುದಿಲ್ಲವಲ್ಲ. ಬುಟ್ಟಿಗೆ ಚೆಂಡು ಹಾಕಲು ಇವರಿಗೆ ಬರುತ್ತದೆ. ಜಪಾನಿನಂಥ ತಂಡ ಮೈಮೇಲೆ ಬಿದ್ದು ಉಸಿರಾಡಲು ಬಿಡದೆ ಆಡಿದಾಗ ಏನು ಮಾಡಬೇಕೋ ಅದು ಬರುವುದಿಲ್ಲ. ಏಕೆಂದರೆ ಅಂಥ ಆಟವನ್ನು ಅವರು ಎದುರಿಸುವುದೇ ಎರಡು ವರ್ಷಕ್ಕೊಮ್ಮೆ. ಮನೆ ಹಿತ್ತಲಿನ ಬಾವಿಯಲ್ಲಿ ಈಜು ಕಲಿತವರನ್ನು ತುಂಬಿದ ಹೊಳೆಗೆ ತಳ್ಳಿದ ಹಾಗೆ.

ಇನ್ನು ‘ಎತ್ತರ’ದ ಮಾತು. ‘ನಮ್ಮೋರು ಗಿಡ್ಡ, ಬ್ಯಾಸ್ಕೆಟ್‌ಬಾಲ್ ಉದ್ದನೆಯವರ ಆಟ.’ ಇದನ್ನು ಎಷ್ಟು ಜನ ಎಷ್ಟು ಗಂಭೀರವಾಗಿ ಹೇಳುತ್ತಾರೆ ಎಂದರೆ ನಮಗೂ ಬಹುಕಾಲ ಹೌದೇನೋ ಅನ್ನಿಸಿತ್ತು. ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ, ಉದ್ದ ಇದ್ದರೆ ಅನುಕೂಲ ಎನ್ನುವುದು ಸುಳ್ಳಲ್ಲ. ಆದರೆ ನಮ್ಮ ಮೇಲೆ 103 ಹೊಡೆದ ಜಪಾನಿನವರು ಯಾರು? ತೆಂಗಿನ ಮರದಂಥವರೇ? 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಜಪಾನ್ ಫ್ರಾನ್ಸನ್ನು 87–71ರಲ್ಲಿ ಮನೆಗೆ ಕಳಿಸಿತು. ಆ ಪಂದ್ಯದಲ್ಲಿ ರುಯಿ ಮಚಿಡಾ ಎಂಬ ಆಟಗಾರ್ತಿ ತನ್ನವರಿಗೆ 18 ಬಾರಿ ಬುಟ್ಟಿಗೆ ದಾರಿ ಮಾಡಿಕೊಟ್ಟಳು. ಅದು ಒಲಿಂಪಿಕ್ ದಾಖಲೆ. ಆಕೆಯ ಎತ್ತರ 162 ಸೆಂಟಿಮೀಟರ್, ಅಂದರೆ ಐದಡಿ ನಾಲ್ಕಂಗುಲ. ನಿಮ್ಮ ಊರಿನ ಹೈಸ್ಕೂಲಿನ ಹತ್ತನೇ ಕ್ಲಾಸಿಗೆ ಹೋಗಿ ಟೇಪ್ ಹಿಡಿದು ಅಳೆದರೆ ಅಷ್ಟು ಎತ್ತರದ ಹುಡುಗಿಯರು ಸಿಗುತ್ತಾರೆ.

ಫೈನಲ್‌ನಲ್ಲಿ ಜಪಾನ್ ಅಮೆರಿಕಾಕ್ಕೆ 75–90ರಲ್ಲಿ ಸೋತು ಬೆಳ್ಳಿ ತಂದಿತು. ಅಮೆರಿಕಾಕ್ಕೆ ಅದು ಸತತ ಏಳನೇ ಚಿನ್ನ, ಅದರೆದುರು ಸೋಲದವರು ಯಾರು? ಉದ್ದನೆಯವರ ನಡುವೆ ನುಗ್ಗಲಾಗದು ಎಂದು ಗೊತ್ತಿದ್ದೇ ಜಪಾನಿನವರು ದೂರದಿಂದ, ಮೂರು ಪಾಯಿಂಟ್ ಗೆರೆಯಾಚೆಯಿಂದ ಎಸೆಯುವುದನ್ನು ಕಲಿತರು. ಆ ಗೆರೆ ರಿಂಗ್‌ನಿಂದ 6.75 ಮೀಟರ್ ದೂರ. ಅದಕ್ಕೆ ಎತ್ತರಕ್ಕಿಂತ ಅಭ್ಯಾಸ ಬೇಕು. ಓಡುವುದನ್ನೂ ಕಲಿತರು, ಎದುರಾಳಿ ದಣಿಯುವವರೆಗೆ ಓಡುವುದನ್ನು. ಇದು ಒಂದು ತಿಂಗಳ ಶಿಬಿರದಲ್ಲಿ ಬರುವುದಲ್ಲ. ಅಲ್ಲಿ ಶಾಲೆಯಲ್ಲೇ ಆಟದ ಸಂಘ ಸೇರಿದ ಹುಡುಗಿ ದಿನಾ ಸಂಜೆ ಆಡುತ್ತಾಳೆ, ಶಾಲೆ ಮುಗಿದ ಮೇಲೆ ದೊಡ್ಡ ಕಂಪನಿಗಳು ನಡೆಸುವ ತಂಡಗಳಿವೆ, ಆ ತಂಡಗಳ ನಡುವೆ ವರ್ಷಾ ಲೀಗ್ ಇದೆ. ಹಾಗಾಗಿ 2013ರಿಂದ 2021ರವರೆಗೆ ಐದು ಏಷ್ಯಾ ಕಪ್‌ಗಳನ್ನು ಸಾಲಾಗಿ ಅವರೇ ಗೆದ್ದರು. ನಮ್ಮನ್ನು ಸೋಲಿಸಿದ್ದು ಅವರ ಉದ್ದ ಕಾಲಲ್ಲ, ಅವರ ಊರಿನ ಶಾಲೆ.

ನಮ್ಮಲ್ಲಿ ಆಡುವ ಹುಡುಗಿಗೆ ಇರುವ ದಾರಿ ಯಾವುದು? ಒಂದೇ, ನೌಕರಿ. ರೈಲ್ವೆ, ಕೇರಳದ ವಿದ್ಯುತ್ ಮಂಡಳಿ, ಪೊಲೀಸ್. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಆಟ ಉಳಿಯುತ್ತದೆ, ಇಲ್ಲದಿದ್ದರೆ ಮದುವೆ. ವರ್ಷವಿಡೀ ಆಡಿ ಸಂಸಾರ ತೂಗಿಸಬಹುದಾದ ಮಹಿಳಾ ಲೀಗ್ ಈ ದೇಶದಲ್ಲಿ ಬೇರು ಬಿಟ್ಟಿಲ್ಲ. ರೈಲ್ವೆ ಇಲ್ಲದಿದ್ದರೆ ಭಾರತಕ್ಕೆ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವುದೇ ಕಷ್ಟವಾಗುತ್ತಿತ್ತು ಎಂದರೆ ಹೆಚ್ಚು ಹೇಳಿದಂತಲ್ಲ.

ಈ ಬರಗಾಲದಲ್ಲೂ ಎಂಥವರು ಬಂದರು ನೋಡಿ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ಕ್ಲಬ್ ಪರವಾಗಿ ಆಡಿದರು, 2011ರಲ್ಲಿ ಅಮೆರಿಕಾದ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಪರೀಕ್ಷೆಗೆ ಕರೆ ಬಂತು. ತಮಿಳುನಾಡಿನ ಅನಿತಾ ಪಾಲ್‌ದುರೈ ಹತ್ತೊಂಬತ್ತನೇ ವಯಸ್ಸಿಗೇ ದೇಶದ ತಂಡದ ನಾಯಕಿ, ಒಂಬತ್ತು ಏಷ್ಯಾ ಚಾಂಪಿಯನ್‌ಶಿಪ್ ಆಡಿದವರು. ಮಗು ಹೆತ್ತ ಮೇಲೆ ಮತ್ತೆ ಬೂಟು ಕಟ್ಟಿ ಬಂದು 2017ರ ಆ ಬೆಂಗಳೂರಿನ ಗೆಲುವಿನಲ್ಲಿ ಪಾಲು ಪಡೆದರು. 2021ರಲ್ಲಿ ಪದ್ಮಶ್ರೀ ಬಂತು. ನಮ್ಮ ಕರ್ನಾಟಕದ ಬಾಂಧವ್ಯ, ನವನೀತಾ ಭಾರತದ ಜೆರ್ಸಿ ತೊಟ್ಟವರು. ಬಾಣಂತಿತನ ಮುಗಿಸಿ ಬಂದು ದೇಶಕ್ಕೆ ಆಡಿದ ಒಬ್ಬ ಗಂಡಸನ್ನು ತೋರಿಸಿ ಎಂದು ಕೇಳುವುದು ತಮಾಷೆಯಾಗುತ್ತದೆ, ಆದರೂ ಕೇಳಬೇಕು ಅನ್ನಿಸುತ್ತದೆ.

ಆಡಳಿತದವರ ಕಥೆ ಬೇರೆ. 2015ರಲ್ಲಿ ದೇಶದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಎರಡು ಬಣವಾಗಿ ಒಡೆಯಿತು. ಯಾವುದು ಅಸಲಿ ಎಂದು ಅಂತರರಾಷ್ಟ್ರೀಯ ಸಂಸ್ಥೆ ಹೇಳಬೇಕಾಯಿತು. ಕುರ್ಚಿಗೆ ಆಡಿದ ಆಟದ ಅರ್ಧ ಲೀಗ್ ಕಟ್ಟುವುದಕ್ಕೆ ಆಡಿದ್ದರೆ... ಇರಲಿ.

‘ದುಡ್ಡು ಸುರಿದರೆ ಆಟ ಬರುತ್ತಾ?’ ಎನ್ನುವವರಿಗೆ ಉತ್ತರ ಕ್ರಿಕೆಟ್ಟೇ ಕೊಟ್ಟಿದೆ. 2022ರಲ್ಲಿ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯದ ಸಂಭಾವನೆ ಎಂದಾಯಿತು, 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾಯಿತು, 2025ರ ನವೆಂಬರಿನಲ್ಲಿ ಅದೇ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿದರು. ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷ ಕೂಗಿದ ನಮಗೆ ಮೊದಲ ಕಪ್ ತಂದುಕೊಟ್ಟದ್ದು 2024ರಲ್ಲಿ ಆರ್‌ಸಿಬಿಯ ಮಹಿಳಾ ತಂಡ, ಅದರಲ್ಲಿ ನಮ್ಮ ಕಲಬುರಗಿಯ ಶ್ರೇಯಾಂಕಾ ಪಾಟೀಲ್. ಲೀಗ್ ಬರುವ ಮುಂಚೆಯೂ ಆ ಹುಡುಗಿಯರಿದ್ದರು. ನೋಡುವ ಕಣ್ಣು, ಕೊಡುವ ಕೈ ಆಮೇಲೆ ಬಂದವು.

ಇಷ್ಟರವರೆಗೆ ಬೈದದ್ದೆಲ್ಲ ದಿಲ್ಲಿ, ಬೆಂಗಳೂರಿನವರನ್ನು. ಓದುತ್ತ ‘ಸರಿಯಾಗಿ ಹೇಳಿದ್ರು’ ಎಂದು ತಲೆಯಾಡಿಸಿದ್ದೀರಿ. ಈಗ ಮಾತು ನಮ್ಮ ಊರಿಗೆ ಬರುತ್ತದೆ, ಸ್ವಲ್ಪ ಖಾರವಾಗಿಯೇ ಬರುತ್ತದೆ.

ನರೇಗಾ ದುಡ್ಡಿನಲ್ಲಿ ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಕಟ್ಟಿದ್ದಾರೆ. ಒಳ್ಳೆಯ ಕೆಲಸ, ಯಾರು ಯೋಚಿಸಿದರೋ ಅವರಿಗೆ ಕೈಮುಗಿಯೋಣ. ಸಿಮೆಂಟು ಹಾಕಿ, ಕಂಬ ನೆಟ್ಟು, ಪಕ್ಕದ ಫಲಕದ ಮೇಲೆ ಅಂದಾಜು ಮೊತ್ತ ಬರೆಸಿ, ಟೇಪು ಕತ್ತರಿಸಿ ಫೋಟೋ ತೆಗೆಸಿಕೊಂಡದ್ದೂ ಆಯಿತು. ಆಮೇಲೆ? ಸುಗ್ಗಿಯಲ್ಲಿ ಆ ಕೋರ್ಟಿನ ಮೇಲೆ ಜೋಳ ಹರವುತ್ತಾರೆ, ಮೆಣಸಿನಕಾಯಿ ಒಣಹಾಕುತ್ತಾರೆ. ಮದುವೆ ಬಂದರೆ ಶಾಮಿಯಾನ. ಉಳಿದ ದಿನ ಬೈಕು ನಿಲ್ಲುತ್ತವೆ. ಜೋಳಕ್ಕೆ ಕಣ ಬೇಡವೇ ಎಂದು ಕೇಳಬೇಡಿ, ಬೇಕು. ವರ್ಷಕ್ಕೆ ಹದಿನೈದು ದಿನ ಜೋಳ ಒಣಗಲಿ. ಉಳಿದ ಮುನ್ನೂರೈವತ್ತು ದಿನದ ಲೆಕ್ಕ ಕೊಡಿ.

ಆ ಕೋರ್ಟಿನಲ್ಲಿ ಚೆಂಡು ಇದೆಯೇ? ಇದ್ದರೆ ಯಾವ ಸೈಜಿನದು? ಇದು ಸಣ್ಣ ಪ್ರಶ್ನೆಯಲ್ಲ. ಗಂಡಸರು ಆಡುವುದು 7ನೇ ಸೈಜ್, ಹೆಂಗಸರು ಆಡುವುದು 6ನೇ ಸೈಜ್, ಅದು ಸ್ವಲ್ಪ ಚಿಕ್ಕದು, ಹಗುರ. ಹನ್ನೆರಡರೊಳಗಿನ ಮಕ್ಕಳಿಗೆ 5. ಏಷ್ಯಾ ಕಪ್‌ನಲ್ಲಾಗಲಿ ಒಲಿಂಪಿಕ್ಸ್‌ನಲ್ಲಾಗಲಿ ಮಹಿಳೆಯರು ಆಡುವುದು 6ರಲ್ಲೇ. ನಮ್ಮ ಶಾಲೆಯ ಬೀರುವಿನಲ್ಲಿ ಚೆಂಡು ಇದ್ದರೆ ಅದು ಒಂದೇ, ಅದೂ 7. ಹನ್ನೊಂದು ವರ್ಷದ ಹುಡುಗಿ ಅದನ್ನು ಎರಡು ಕೈಯಲ್ಲಿ ಎತ್ತಿ ತೊಡೆಯ ಬಳಿಯಿಂದ ಬೀಸಿ ಎಸೆಯಲು ಕಲಿಯುತ್ತಾಳೆ. ಆ ತಪ್ಪು ರೂಢಿ ಮುಂದೆ ಯಾವ ಕೋಚ್ ಬಂದರೂ ಹೋಗುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರೇ ಇಲ್ಲ, ಇರುವ ಕಡೆ ಅವರನ್ನು ಜನಗಣತಿ, ಚುನಾವಣೆ, ಮೊಟ್ಟೆ ಲೆಕ್ಕಕ್ಕೆ ಹಚ್ಚಿರುತ್ತಾರೆ.

ಚೆಂಡು, ಮೇಷ್ಟ್ರು ಎರಡೂ ಇರುವ ಶಾಲೆಯಲ್ಲೂ ಎಂಟನೇ ಕ್ಲಾಸಿನವರೆಗೆ ಆಡಿದ ಹುಡುಗಿ ಒಂಬತ್ತಕ್ಕೆ ಬಂದಾಗ ಮಾಯವಾಗುತ್ತಾಳೆ. ಯಾಕೆ ಎಂದು ನಿಮಗೆ ಗೊತ್ತು, ನಮಗೂ ಗೊತ್ತು. ‘ದೊಡ್ಡೋಳಾದ್ಲು.’ ಚಡ್ಡಿ ಹಾಕಿ ಆಡಿದರೆ ಜನ ಏನಂತಾರೆ. ಆ ಜನ ಯಾರು? ಕೋರ್ಟಿನ ಕಟ್ಟೆ ಮೇಲೆ ಕೂತು ಫೋನ್ ನೋಡುವ ನಾವೇ. ಅವಳು ಪೂರ್ತಿ ಪ್ಯಾಂಟು ಹಾಕಿಯೇ ಆಡಲಿ, ಒಳಗೆ ಲೆಗ್ಗಿಂಗ್ಸ್ ಹಾಕಲಿ, ಆಟಕ್ಕೆ ಅದರಿಂದ ಯಾವ ಕುಂದೂ ಇಲ್ಲ. 2017ರಿಂದ ಅಂತರರಾಷ್ಟ್ರೀಯ ನಿಯಮದಲ್ಲೇ ತಲೆವಸ್ತ್ರಕ್ಕೂ ಅನುಮತಿ ಇದೆ. ವಿಶ್ವಸಂಸ್ಥೆಯಂಥ ಆ ಫೆಡರೇಷನ್ನೇ ಬಗ್ಗಿತು, ನಮ್ಮ ಊರ ಕಟ್ಟೆ ಬಗ್ಗುವುದಿಲ್ಲ. ಬಟ್ಟೆ ಬದಲಿಸಲು ಒಂದು ಕೋಣೆ, ನೀರಿರುವ ಶೌಚಾಲಯ, ಸಂಜೆ ಆರರ ನಂತರ ಮನೆಗೆ ಹೋಗಲು ಜೊತೆ, ಇಷ್ಟು ಕೊಡದೆ ‘ಅವಳಿಗೇ ಇಷ್ಟ ಇಲ್ಲ’ ಎನ್ನುವುದು ಶುದ್ಧ ಸುಳ್ಳು.

ಹುಡುಗರು ಆಡುವಾಗ ಅವಳು ಗೋಡೆಯ ಪಕ್ಕ ನಿಂತು ನೋಡುತ್ತಾಳೆ. ಚೆಂಡು ಹೊರಗೆ ಹೋದಾಗ ತಂದುಕೊಡುವ ಕೆಲಸ ಅವಳದು. ಹಾಗೆ ತಂದುಕೊಡುವಾಗ ಒಂದು ಸಲ ರಿಂಗಿಗೆ ಗುರಿಯಿಟ್ಟು ಎಸೆಯುತ್ತಾಳೆ, ಗಮನಿಸಿ ನೋಡಿ. ಆ ಒಂದು ಎಸೆತ ತಾಗುತ್ತದೋ ಇಲ್ಲವೋ, ‘ಏ, ಬಾಲ್ ಕೊಡು’ ಎಂಬ ಕೂಗು ಮಾತ್ರ ತಪ್ಪದೆ ಬರುತ್ತದೆ.

ಹಾಗಾಗಿ ಮುಂದಿನ ಗ್ರಾಮಸಭೆಗೆ ಚರಂಡಿ, ಬೀದಿದೀಪದ ಅರ್ಜಿ ಹಿಡಿದು ಹೋಗುವಾಗ ಇನ್ನೊಂದು ಹಾಳೆಯನ್ನೂ ಹಿಡಿದುಕೊಳ್ಳಿ. ಶಾಲೆಯ ಕೋರ್ಟಿನ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ, ಸಂಜೆ ಐದರಿಂದ ಆರೂವರೆಯವರೆಗೆ ಹೆಣ್ಣುಮಕ್ಕಳಿಗೇ ಎಂದು ಯಾಕೆ ಬಿಡಬಾರದು, 6ನೇ ಸೈಜಿನ ಎರಡು ಚೆಂಡು ಯಾವಾಗ ಬರುತ್ತವೆ. ಪಿಡಿಒ ನಗಬಹುದು, ಸದಸ್ಯರೂ ನಗಬಹುದು. ನಗಲಿ. ಅರ್ಜಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ, ತಾರೀಖು ಬರೆಸಿಕೊಳ್ಳಿ, ಅದರ ಫೋಟೋ ನಮಗೂ ಕಳಿಸಿ. ಉತ್ತರ ಬರದ ಊರುಗಳ ಹೆಸರನ್ನು ನಾವು ಇಲ್ಲಿ ಒಂದೊಂದಾಗಿ ಹಾಕುತ್ತೇವೆ.